ಗೆರೆ ಬಿಟ್ಟು

ನಮ್ಮ ಮನೆಯಲ್ಲಿ ಅಡುಗೆಯ ಚಾಕುವಿಗಿಂತ ಕಾಗದದ ಚಾಕುವಿಗೆ ಮರ್ಯಾದೆ ಹೆಚ್ಚು. ಅಡುಗೆಯದ್ದನ್ನು ಯಾರು ಬೇಕಾದರೂ ಮುಟ್ಟಬಹುದು. ಕಾಗದದ್ದನ್ನು ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಇಬ್ಬರೇ ಮುಟ್ಟಬೇಕು. ಬೇರೆ ಯಾರಾದರೂ ಅದರಿಂದ ಸುತಳಿ ಕತ್ತರಿಸಿದ್ದು ಕಂಡರೆ ನಾನು ಊಟದ ಗಂಗಾಳ ಸರಿಸಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಅದು ಅಂಗಡಿಯಲ್ಲಿ ಸಿಗುವ ಚಾಕುವಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಮುರಿದಾಗ ಆ ತುಂಡನ್ನು ಇಸಿದುಕೊಂಡು ಬಂದು, ಕಲ್ಲಿನ ಮೇಲೆ ಓರೆಯಾಗಿ ಮಸೆದು, ಹಿಡಿಕೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಮಾಡಿಕೊಂಡದ್ದು. ಪೇಟೆಯಲ್ಲಿ ಸಿಗುವ ಕಟರಿನ ತೆಳು ಬ್ಲೇಡು ಹತ್ತು ಹಾಳೆ ದಾಟುವಷ್ಟರಲ್ಲಿ ಬಾಗುತ್ತದೆ. ಮೇಲಿನ ಹಾಳೆ ನೆಟ್ಟಗೆ ಬಂದರೆ ಕೆಳಗಿನದು ಸೊಟ್ಟ. ನಮ್ಮ ಚಾಕು ಹಾಗಲ್ಲ, ಇಪ್ಪತ್ತು ಹಾಳೆಯನ್ನು ಒಂದೇ ಎಳೆತಕ್ಕೆ ಇಳಿಸುತ್ತದೆ.

ಶಿಗ್ಗಾವಿಯ ನಮ್ಮ ಓಣಿಯಲ್ಲಿ ನಮ್ಮದು ಲೇಬಲ್ ಕೊಯ್ಯುವ ಮನೆ ಎಂದೇ ಗುರುತು. ಕತ್ತರಿಸುವುದು ಎಂದು ಇಲ್ಲಿ ಯಾರೂ ಅನ್ನುವುದಿಲ್ಲ. ಜೋಳ ಕೊಯ್ದ ಹಾಗೆ ಇದನ್ನೂ ಕೊಯ್ಯುತ್ತೇವೆ. ಚಟ್ನಿಪುಡಿ ಮಾಡುವವರು, ಊದಿನಕಡ್ಡಿ ಹೊಸೆಯುವವರು, ಜೇನು ತುಂಬುವವರು, ಹೀಗೆ ಮನೆಯಲ್ಲೇ ಏನಾದರೊಂದು ಮಾಡಿ ಮಾರುವವರೇ ನಮ್ಮ ಗಿರಾಕಿಗಳು. ಒಬ್ಬೊಬ್ಬರ ಡಬ್ಬಿಗೆ ಒಂದೊಂದು ಅಳತೆ. ಪ್ರೆಸ್ಸಿನಲ್ಲಿರುವ ದೊಡ್ಡ ಮಷೀನು ಇಂಥ ಇನ್ನೂರು ಮುನ್ನೂರು ಚೀಟಿಗಾಗಿ ತನ್ನ ಅಳತೆ ಬದಲಿಸಿಕೊಳ್ಳುವುದಿಲ್ಲ. ಹಾಗಾಗಿ ಪ್ರೆಸ್ಸಿನವರು ಹಾಳೆ ಮುದ್ರಿಸಿ ಸುರುಳಿ ಸುತ್ತಿ ಗಿರಾಕಿಯ ಕೈಗೆ ಕೊಡುತ್ತಾರೆ, ಗಿರಾಕಿ ಅದನ್ನು ತಂದು ನಮ್ಮ ಪಡಸಾಲೆಯಲ್ಲಿ ಬಿಚ್ಚುತ್ತಾನೆ.

ನಮ್ಮ ಸಾಮಾನು ಬಹಳಿಲ್ಲ. ಕೆಳಗೆ ಹಾಸುವುದಕ್ಕೆ ಬೇವಿನ ಹಲಗೆ. ಚಾಕುವಿನ ಗೀರು ಹೆಚ್ಚಾದಾಗ ಬಡಿಗರ ಹತ್ತಿರ ಒಯ್ದು ಹತ್ತರಿ ಹೊಡೆಸಿ ನುಣುಪು ಮಾಡಿಸಿಕೊಂಡು ಬರುತ್ತೇವೆ. ಎರಡಡಿಯ ಉಕ್ಕಿನ ಪಟ್ಟಿ, ಅದು ಜಾರದಂತೆ ಅದರ ಹೊಟ್ಟೆಗೆ ಅಂಟಿಸಿದ ಉಸುಕಿನ ಕಾಗದ. ಮೂಲೆ ನೋಡುವುದಕ್ಕೆ ಬಡಿಗರ ಕಾಟಕೋನ. ಮತ್ತೆ ಮತ್ತೆ ಬರುವ ಅಳತೆಗಳಿಗೆ ತಗಡಿನಲ್ಲಿ ಮಾಡಿಸಿಟ್ಟ ಅಚ್ಚುಗಳು, ಮೊಳೆಗೆ ತೂಗುಹಾಕಿದವು. ಇಷ್ಟೇ. ಆದರೆ ನಾಲ್ಕು ಮೂಲೆಯಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೂ ನನಗೆ ಅನ್ನ ಸೇರುವುದಿಲ್ಲ. ಇದು ನನ್ನ ಜಂಬವೂ ಹೌದು, ರೋಗವೂ ಹೌದು.

ನಾನು ಸವಣೂರಿನ ದರ್ಜಿಯ ಮಗಳು. ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಅರಿವೆಯನ್ನು ನನ್ನ ಕೈಗೆ ಕೊಟ್ಟು, ‘ಗೆರಿ ಬಿಟ್ಟು ಕತ್ತರಸವಾ’ ಅನ್ನುತ್ತಿದ್ದ. ಅಂದರೆ ಗೆರೆಯನ್ನು ಮುಟ್ಟಬೇಡ, ಅದನ್ನು ಅರಿವೆಯಲ್ಲೇ ಉಳಿಸಿ ಅದರಾಚೆ ಕತ್ತರಿ ಆಡಿಸು ಎಂದರ್ಥ. ಆಚೆ ಉಳಿದ ಆ ಅಂಚಿನಲ್ಲೇ ಹೊಲಿಗೆ ಕೂಡುವುದು. ನನ್ನ ನೆಗೆಣ್ಣಿ ದುಂಡಸಿಯವಳು. ಅವಳ ತವರಿನಲ್ಲಿ ಶಾಲೆಯ ನೋಟುಬುಕ್ಕು ಹೊಲಿದು ಅಂಚು ಸವರಿ ಕೊಡುತ್ತಿದ್ದರು. ಅಲ್ಲಿಯೂ ‘ಗೆರಿ ಬಿಟ್ಟು’ ಎಂಬ ಮಾತಿದೆ. ಆದರೆ ಅಲ್ಲಿ ಅದರ ಅರ್ಥ, ಗೆರೆಯನ್ನು ಬಿಟ್ಟುಬಿಡು, ಅದು ಹೊರಗೆ ಹೋಗಲಿ, ಒಳಗಿನ ಹಾಳೆ ಮಾತ್ರ ಉಳಿಯಲಿ ಎಂದು. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಹಲಗೆಯ ಎರಡು ಬದಿಗೆ ಕೂತಿದ್ದೇವೆ. ಒಂದೇ ಮಾತಿಗೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದೇವೆಂದು ನನಗೆ ಹೊಳೆದೇ ಇರಲಿಲ್ಲ. ಯಾಕೆಂದರೆ ಗೆರೆಯ ಕೆಲಸವನ್ನು ಅಲ್ಲಿಯ ತನಕ ನಾನೇ ಮಾಡುತ್ತಿದ್ದೆ, ಅಚ್ಚಿನ ಕೆಲಸ ಅವಳದಾಗಿತ್ತು.

ಹೋದ ವರ್ಷ ಮುಂಗಾರಿನ ಬಿತ್ತನೆ ಶುರುವಾಗುವ ಹೊತ್ತಿಗೆ ಸವಣೂರಿನ ಬೀಜದ ಅಂಗಡಿಯ ಸಾವುಕಾರರು ಒಂದು ಸುರುಳಿ ತಂದರು. ಶೇಂಗಾದ ಪಾಕೀಟಿಗೆ ಹಚ್ಚುವ ಲೇಬಲ್ಲು. ಮೇಲೆ ದಪ್ಪಕ್ಷರದಲ್ಲಿ ‘ಆರಿಸಿದ ಶೇಂಗಾ ಬೀಜ’, ಸುತ್ತಲೂ ಕೆಂಪು ಗೆರೆಯ ಚೌಕಟ್ಟು, ಕೆಳಗಿನ ಗೆರೆಯ ಆಚೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಹಾಳೆ ಉಳಿಸಲಿಕ್ಕೆ ಪ್ರೆಸ್ಸಿನವರು ಅದನ್ನು ಚೌಕಟ್ಟಿನ ಹೊರಗೆ ತಳ್ಳಿದ್ದರು. ಸಾವುಕಾರರು ನನಗೆ ಆ ಸಾಲನ್ನು ಬೆರಳಿಟ್ಟು ತೋರಿಸಿ, ಕೆಳಗಿನ ಗೆರೆಯ ಮೇಲೆ ಕೊಯ್ಯಬಾರದು ಎಂದು ಹೇಳಿಯೇ ಹೋಗಿದ್ದರು. ಅಂದು ನನಗೆ ಬ್ಯಾಂಕಿನ ಕೆಲಸವಿತ್ತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ನೆಗೆಣ್ಣಿಗೆ ಕೂಗಿ ಹೇಳಿದೆ.

‘ಮೂರು ಕಡೆ ಗೆರಿಗೆ ಸರಿಯಾಗಿ ಕೊಯ್ಯಿ. ಕೆಳಗಿನ ಕೆಂಪು ಗೆರಿ ಬಿಟ್ಟು ಕೊಯ್ಯಿ, ತಿಳೀತಿಲ್ಲ?’

‘ತಿಳೀತ್ರಿ ಅಕ್ಕಾರ, ಗೆರಿ ಬಿಟ್ಟು ಕೊಯ್ಯೂದು’ ಎಂದಳು.

ಸಂಜೆ ಬಂದು ಕಂತೆಗಳನ್ನು ನೋಡಿದೆ. ಕಾಟಕೋನ ಹಚ್ಚಿ ಮೂಲೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಮೂಲೆ ನೋಡುವ ಭರದಲ್ಲಿ ಕೆಳಗಿನ ಸಾಲು ಇದೆಯೋ ಇಲ್ಲವೋ ನೋಡಲಿಲ್ಲ. ಕಂತೆಗೆ ದಾರ ಸುತ್ತಿ ಮರುದಿನ ಸವಣೂರಿನ ಬಸ್ಸಿಗೆ ಹಾಕಿ ಕಳಿಸಿದೆ.

ಆರು ದಿನದ ಮೇಲೆ, ಬೆಳಿಗ್ಗೆ ಹತ್ತರ ಸುಮಾರಿಗೆ ಸಾವುಕಾರರ ಫೋನು ಬಂತು. ನಮಸ್ಕಾರವಿಲ್ಲ, ಏನಿಲ್ಲ.

‘ಅಕ್ಕಾರ, ಲೇಬಲ್ಲಿನ ಕೆಳಗಿನ ಸಾಲು ಎಲ್ಲೈತ್ರಿ?’

‘ಯಾವ ಸಾಲ್ರಿ?’

‘ಔಷಧ ಹಚ್ಚಿದ ಬೀಜ ಐತಿ, ತಿನಬಾರದು ಅನ್ನೂ ಸಾಲು! ಒಂದು ಪಾಕೀಟಿನ ಮ್ಯಾಗೂ ಇಲ್ಲ! ಬಿತ್ತವರಿಗೆ ಮಾರಾಕಂತ ಹಾನಗಲ್ಲಿನ ಕಿರಾಣಿ ಅಂಗಡಿಗೂ ಕೊಟ್ಟಿದ್ನಿ, ಅಲ್ಲಿ ನಿನ್ನೆ ಒಬ್ಬ ಹೆಣ್ಮಗಳು ಹೋಳಿಗಿ ಮಾಡಾಕಂತ ಒಂದು ಪಾಕೀಟು ಒಯ್ದಾಳಂತ. ಚಲೋ ಬೀಜ ಐತಿ, ಇನ್ನೂ ನಾಕು ಕಳಸ್ರಿ ಅಂತ ಅಂಗಡಿಯಾಂವ ನನಗ ಫೋನ್ ಮಾಡ್ಯಾನ!’

ಬೇರೆ ಕಾಳಿಗೆ ಔಷಧ ಹಚ್ಚಿದರೆ ಬಣ್ಣ ಎದ್ದು ಕಾಣುತ್ತದೆ, ಕಂಡವರು ದೂರ ಇಡುತ್ತಾರೆ. ಶೇಂಗಾ ಬೀಜದ ಸಿಪ್ಪೆಯೇ ಕೆಂಪು, ಅದರ ಮೇಲಿನ ಕೆಂಪು ಪುಡಿ ಯಾರಿಗೂ ತಿಳಿಯುವುದಿಲ್ಲ. ಇನ್ನು ಹೆಸರು. ಬಿತ್ತುವುದಕ್ಕೂ ಶೇಂಗಾ ಬೀಜವೇ, ಹುರಿದು ತಿನ್ನುವುದಕ್ಕೂ ನಮ್ಮ ಕಡೆ ಶೇಂಗಾ ಬೀಜವೇ. ಆ ಸಣ್ಣ ಸಾಲೊಂದೇ ಎರಡನ್ನೂ ಬೇರೆ ಮಾಡುತ್ತಿದ್ದದ್ದು. ಮರುದಿನ ಕಾರಹುಣ್ಣಿಮೆಯ ಹಬ್ಬ. ಒಂದು ಮನೆಯಲ್ಲಿ ಆ ಬೀಜವನ್ನು ಹುರಿದು, ಬೆಲ್ಲ ಹಾಕಿ ಕುಟ್ಟಿ, ಹೋಳಿಗೆ ಮಾಡಿ, ಮನೆಮಂದಿಯೆಲ್ಲ ತಿನ್ನಲಿಕ್ಕಿದ್ದರು.

ನೆಗೆಣ್ಣಿ ಹಲಗೆಯ ಮುಂದೆ ಕೂತು ಊದಿನಕಡ್ಡಿಯ ಚೀಟಿ ಕೊಯ್ಯುತ್ತಿದ್ದಳು. ನಾನು ಹೋಗಿ ಅವಳ ಕೈಯಿಂದ ಚಾಕು ಕಿತ್ತುಕೊಂಡೆ.

‘ಕಣ್ಣು ಎಲ್ಲಿಟ್ಟಿದ್ದೆವಾ? ಕೆಳಗಿನ ಸಾಲು ಕೊಯ್ದು ಒಗದೀಯಲ್ಲ! ಗೆರಿ ಬಿಟ್ಟು ಅಂತ ಹೇಳಿದ್ನಿಲ್ಲ ನಿನಗ?’

‘ನೀವ ಅಂದ್ರಲ್ರಿ ಅಕ್ಕಾರ, ಗೆರಿ ಬಿಟ್ಟು ಅಂತ. ಅದಕ್ಕ ನಾ ಗೆರಿ ಬಿಟ್ಟೇನಿ. ಗೆರಿ ಜೋಡಿ ಅದೂ ಹೋತು. ಪ್ರೆಸ್ಸಿನವರು ತಮ್ಮ ಹೆಸರು ಹಾಕಿರತಾರಲ್ಲ, ಅದ ಇರಬೇಕು ಅಂದ್ಕೊಂಡೆ.’

ಆಗ ನನಗೆ ತಿಳಿಯಿತು. ಎರಡು ‘ಬಿಟ್ಟು’ಗಳೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಹೌದು, ತಪ್ಪು ನನ್ನದೇ, ಬೆರಳಿಟ್ಟು ತೋರಿಸದೆ ಹೊಸ್ತಿಲಲ್ಲಿ ನಿಂತು ಕೂಗಿದವಳು ನಾನೇ ಎಂದು ಆಗಲೇ ಹೇಳಬಹುದಿತ್ತು. ಸಿಟ್ಟು ಬಂದಾಗ ನಾನು ಅಷ್ಟು ಒಳ್ಳೆಯವಳಾಗಿರುವುದಿಲ್ಲ. ‘ಓದಿ ನೋಡಾಕ ಏನಾಗಿತ್ತು ನಿನಗ?’ ಎಂದು ಇನ್ನೊಂದು ಏಟು ಕೊಟ್ಟೆ. ಅವಳು ಶಾಲೆ ಕಲಿತದ್ದು ಮೂರನೆಯ ಇಯತ್ತೆಯ ತನಕ. ಅದು ಗೊತ್ತಿದ್ದೇ ಅಂದೆ. ಅವಳು ಹಲಗೆಯ ಮೇಲಿನ ಕಾಗದದ ಚೂರನ್ನು ಸೆರಗಿನಿಂದ ಸವರಿದಳು.

ಸಾವುಕಾರರು ಮತ್ತೆ ಫೋನು ಮಾಡಿದರು. ಅಂಗಡಿಯಲ್ಲಿ ಉಳಿದದ್ದನ್ನೆಲ್ಲ ತೆಗೆದಿಟ್ಟಿದ್ದೇನೆ, ಗೊಟಗೋಡಿ ಕಡೆಯ ಒಬ್ಬರು ನಾಲ್ಕು ಪಾಕೀಟು ಒಯ್ದಿದ್ದಾರೆ, ಅದಕ್ಕೆ ನಾನು ಹೊರಟೆ, ಹಾನಗಲ್ಲಿನದನ್ನು ನೀವು ನೋಡಬೇಕು ಎಂದರು. ಹಾನಗಲ್ಲಿನ ಕಿರಾಣಿಯವನು ಉಳಿದ ಪಾಕೀಟುಗಳನ್ನು ಒಳಗೆ ಇಟ್ಟಿದ್ದ. ಆದರೆ ಪಾಕೀಟು ಒಯ್ದ ಹೆಣ್ಣುಮಗಳು ಹಾನಗಲ್ಲಿನವಳಲ್ಲ, ಹಿರೇಕೆರೂರಿನವಳು. ಅಕ್ಕನ ಮನೆಗೆ ಬಂದವಳು ಹೋಗುವಾಗ ಕೊಂಡು ಹೋಗಿದ್ದಳು. ಅವಳ ಫೋನು ನಂಬರು ಅಂಗಡಿಯವನ ಹತ್ತಿರ ಇರಲಿಲ್ಲ, ಅಕ್ಕನ ಮನೆ ಯಾವುದೆಂದೂ ಅವನಿಗೆ ತಿಳಿಯದು. ಹಿಟ್ಟಿನ ಗಿರಣಿಯ ಹಿಂದಿನ ಓಣಿ ಎಂದು ಮಾತಿನ ನಡುವೆ ಕೇಳಿದ ನೆನಪು ಮಾತ್ರ ಇತ್ತು.

ಅಂದು ಮನೆಯ ಗಂಡಸರು ಬಿತ್ತಲಿಕ್ಕೆ ಹೋಗಿದ್ದರು. ಗಾಡಿಯೂ ಅವರ ಸಂಗಡವೇ ಹೋಗಿತ್ತು. ನಾನು ಬಸ್ಸು ಹತ್ತಿದೆ.

ಆ ದಿನದ ಬಸ್ಸಿನಷ್ಟು ನಿಧಾನದ ಬಸ್ಸನ್ನು ನಾನು ಕಂಡಿಲ್ಲ. ಬಂಕಾಪುರದಲ್ಲಿ ಡ್ರೈವರ್ ಇಳಿದು ಚಹಾ ಕುಡಿಯಲಿಕ್ಕೆ ನಿಂತ. ನಾನು ಕಿಟಕಿಯಿಂದ ತಲೆ ಹೊರಹಾಕಿ, ‘ಅಣ್ಣಾರ, ಒಂದು ಜೀವದ ಪ್ರಶ್ನೆ ಐತಿ, ಲಗೂನ ಬರ್ರಿ’ ಎಂದೆ. ‘ನಂದೂ ಜೀವಾನ ಐತ್ರಿ ಅಕ್ಕಾರ, ಮುಂಜಾನಿಂದ ಚಾ ಕುಡದಿಲ್ಲ’ ಎಂದು ಅವನು ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಇಳಿದು ಹೋಗಿ, ಚಹಾದ ಅಂಗಡಿಯ ಮುಂದೆ ಎಲ್ಲರೂ ತಿರುಗಿ ನೋಡುವ ಹಾಗೆ ಅವನನ್ನು ಬೈದೆ. ಅವನು ಅರ್ಧ ಚಹಾ ಚೆಲ್ಲಿ ಬಂದು ಗಾಡಿ ಬಿಟ್ಟ. ಹಾನಗಲ್ಲಿನ ತನಕ ಕಂಡಕ್ಟರು ನನ್ನ ಕಡೆ ನೋಡಲೇ ಇಲ್ಲ.

ಹಾನಗಲ್ಲಿನಲ್ಲಿ ಕಿರಾಣಿಯವನು ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದ. ಒಂದು ಪಾಕೀಟು ತಂದಿದ್ದ. ನಾನು ಕೈಯಲ್ಲಿ ಹಿಡಿದು ನೋಡಿದೆ. ಲೇಬಲ್ಲು ಅಷ್ಟು ಚಂದ ಕೂತಿತ್ತು. ನಾಲ್ಕು ಅಂಚೂ ನೆಟ್ಟಗೆ, ಮೂಲೆ ಕಾಟಕೋನ ಹಚ್ಚಿದ ಹಾಗೆ. ನೋಡಿದವರು ಇದರಲ್ಲಿ ಏನೋ ಕಡಿಮೆಯಾಗಿದೆ ಎಂದು ಅನುಮಾನಪಡುವ ಹಾಗೇ ಇರಲಿಲ್ಲ. ಸೊಟ್ಟಗೆ ಕೊಯ್ದಿದ್ದರೆ ಯಾರಾದರೂ ಕೇಳುತ್ತಿದ್ದರು. ನಮ್ಮ ಕೈಯ ಅಚ್ಚುಕಟ್ಟನ್ನು ಕಂಡು ನನಗೆ ಮೊದಲ ಸಲ ಅಂಜಿಕೆಯಾಯಿತು.

‘ಆಕಿ ಭಾಳ ಖುಷಿಲೆ ಒಯ್ದಾಳ್ರಿ’ ಎಂದ ಅವನು. ‘ಅತ್ತಿ ಶೇಂಗಾದ ಹೋಳಿಗಿ ಅಂದ್ರ ಜೀವಾ ಬಿಡತಾಳ ಅಂತ ಹೇಳಿದ್ಲು.’

ಆ ಮಾತು ನನ್ನ ಸಂಗಡ ಬಸ್ಸು ಹತ್ತಿತು. ತಿಳವಳ್ಳಿ ದಾಟುವ ತನಕ ಕಿವಿಯಲ್ಲಿ ಅದೇ. ಹೊಲಗಳಲ್ಲಿ ಹೆಂಗಸರು ಉಡಿಯಲ್ಲಿ ಕಾಳು ಕಟ್ಟಿಕೊಂಡು ಸಾಲು ಹಿಡಿದು ಹೋಗುತ್ತಿದ್ದರು. ಬೇರೆ ವರ್ಷ ಈ ಹೊತ್ತಿನಲ್ಲಿ ಬಸ್ಸಿನ ಕಿಟಕಿಗೆ ಕೂತು ಯಾವ ಹೊಲದಲ್ಲಿ ಏನು ಬಿತ್ತಿದ್ದಾರೆ ಎಂದು ನೋಡುವುದು ನನಗೆ ಇಷ್ಟ. ಅಂದು ಪ್ರತಿ ಹೆಂಗಸಿನ ಕೈ ಬಾಯಿಗೆ ಹೋಗುತ್ತಿದೆಯೋ ಏನೋ ಎಂದೇ ನೋಡಿದೆ.

ಹಿರೇಕೆರೂರಿನಲ್ಲಿ ಇಳಿದಾಗ ಎರಡು ದಾಟಿತ್ತು. ಮೊದಲು ತೋರಿಸಿದ ಗಿರಣಿಯ ಹಿಂದೆ ಓಣಿಯೇ ಇರಲಿಲ್ಲ. ಎರಡನೆಯ ಗಿರಣಿಯ ಹಿಂದೆ ಹೊಕ್ಕು, ‘ಹಾನಗಲ್ಲಿಗೆ ಅಕ್ಕನ ಮನೀಗೆ ಹೋಗಿ ನಿನ್ನೆ ಬಂದವರು ಯಾರ್ರಿ?’ ಎಂದು ಬಾಗಿಲು ಬಾಗಿಲಿಗೂ ಕೇಳಿದೆ. ಹುಚ್ಚಿ ಇರಬೇಕು ಎಂಬಂತೆ ಇಬ್ಬರು ನೋಡಿದರು. ನಾಲ್ಕನೆಯ ಮನೆಗೆ ಬರುವಷ್ಟರಲ್ಲಿ ಹುರಿದ ಶೇಂಗಾದ ವಾಸನೆ ಬಂತು. ಆಮೇಲೆ ಯಾರನ್ನೂ ಕೇಳಲಿಲ್ಲ, ನೆಟ್ಟಗೆ ಒಳಗೆ ಹೋದೆ.

ಅಡುಗೆಮನೆಯಲ್ಲಿ ಮೂವತ್ತರ ಆಸುಪಾಸಿನ ಸೊಸೆ ಒಲೆಯ ಮುಂದೆ ಇದ್ದಳು. ಪರಾತದಲ್ಲಿ ಬೆಲ್ಲ ಹಾಕಿ ಕುಟ್ಟಿದ ಹೂರಣ, ಪಕ್ಕದಲ್ಲಿ ನಾದಿಟ್ಟ ಕಣಕ. ಇನ್ನೂ ಒಂದು ಹೋಳಿಗೆಯೂ ಹಂಚಿಗೆ ಬಿದ್ದಿರಲಿಲ್ಲ.

‘ಯಾರೂ ತಿಂದಿಲ್ಲ ಹೌದಿಲ್ರಿ? ಆ ಬೀಜಕ್ಕ ಔಷಧ ಹಚ್ಚೇತಿ!’

ಸೊಸೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಯಾರ್ರಿ ನೀವು? ಪಾಕೀಟಿನ ಮ್ಯಾಗ ಹಂಗೇನೂ ಬರದಿಲ್ಲ.’ ಖಾಲಿ ಪಾಕೀಟು ತಂದು ನನ್ನ ಮುಂದೆ ಹಿಡಿದಳು. ‘ಎಲ್ಲೈತಿ, ಓದಿ ತೋರಸ್ರಿ.’

‘ಬರದಿತ್ತು, ಕೊಯ್ದು ಹೋಗೇತಿ’ ಎಂದೆ. ಆಗ ಅವಳ ಮುಖ ಬದಲಾಯಿತು. ಅವಳು ನೋಡಿದ್ದು ನನ್ನ ಕಡೆಯಲ್ಲ, ಪಡಸಾಲೆಯ ಕಡೆ.

ಅಲ್ಲಿ ಆಯಿ, ಅವಳ ಅತ್ತೆ, ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಬೆಳಿಗ್ಗೆ ಮೊರದಲ್ಲಿ ಬೀಜ ಹಾಕಿಕೊಂಡು ಹರಳು ಆರಿಸುತ್ತ, ಒಂದೊಂದಾಗಿ ಹಸಿಯದನ್ನೇ ಬಾಯಿಗೆ ಹಾಕಿಕೊಂಡಿದ್ದಳಂತೆ. ಎಷ್ಟು ಎಂದರೆ, ‘ಒಂದು ಬೊಗಸಿ ಆಗಿರಬೇಕವಾ, ಯಾರು ಎಣಿಸ್ಯಾರ?’ ಎಂದಳು. ಊಟ ಆದ ಮೇಲೆ ಹೊಟ್ಟೆ ಕಲಮಲ ಅನ್ನುತ್ತಿತ್ತು, ಒಂದು ಸಲ ವಾಂತಿಯಾಗಿತ್ತು. ಬಿಸಿಲಿಗೆ ಎಂದುಕೊಂಡಿದ್ದರು.

ಓಣಿಯ ಒಬ್ಬರ ಆಟೋದಲ್ಲಿ ಆಯಿಯನ್ನು ನಡುವೆ ಕೂರಿಸಿಕೊಂಡು ದವಾಖಾನೆಗೆ ಓಡಿದೆವು. ಹೊರಡುವ ಗಡಿಬಿಡಿಯಲ್ಲೂ ಸೊಸೆ ಆಯಿ ಕುಡಿಯುವ ಆಯುರ್ವೇದದ ಅರಿಷ್ಟದ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಹೊಟ್ಟೆಗೆ ಏನಾದರೂ ಆದರೆ ಎರಡು ಮುಚ್ಚಳ ಅರಿಷ್ಟ ಕುಡಿಯುವುದು ಆಯಿಯ ಅಭ್ಯಾಸವಂತೆ.

ದವಾಖಾನೆಯ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಆದರೆ ಗಾಬರಿಯಾಗುವವರಲ್ಲ. ನಾಡಿ ನೋಡಿದರು, ಕಣ್ಣು ನೋಡಿದರು. ಬಿಪಿ ನೋಡಿ ಸಲೈನು ಹಚ್ಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಬೀಜಕ್ಕೆ ಹಚ್ಚಿದ ಔಷಧ ಯಾವುದು?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

‘ಪಾಕೀಟ್ ಮ್ಯಾಲೆ ಬರೆದಿರಬೇಕಲ್ರಿ?’

ಬರೆದಿತ್ತು. ಆ ಸಾಲಿನಲ್ಲೇ ಕಂಸದೊಳಗೆ ಬರೆದಿತ್ತು. ‘ಹೆಸರು ಗೊತ್ತಾಗಬೇಕು. ಒಂದೊಂದು ಔಷಧಕ್ಕ ಒಂದೊಂದು ಥರ ನೋಡ್ಕೋಬೇಕಾಗತೈತಿ. ತಪ್ಪು ಮಾಡಿದರ ತೊಂದರಿ’ ಎಂದರು ಅವರು. ಸಾವುಕಾರರಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಗೊಟಗೋಡಿಯ ಯಾವ ಹೊಲದಲ್ಲಿದ್ದರೋ. ಪ್ರೆಸ್ಸಿಗೆ ಹಚ್ಚಿದೆ. ಕರೆಂಟು ಇಲ್ಲ, ಕಂಪ್ಯೂಟರು ತೆಗೆಯಲಿಕ್ಕಾಗದು ಎಂದರು. ಪ್ರತಿ ಕೆಲಸದ ಒಂದು ಇಡೀ ಹಾಳೆಯನ್ನು ಮಾದರಿಗೆಂದು ತೆಗೆದಿಡುವುದು ನನ್ನ ಪದ್ಧತಿ. ಈ ಸಲ ಹಾಳೆ ಕಡಿಮೆ ಬಿದ್ದಿದ್ದರಿಂದ ಅದನ್ನೂ ಕೊಯ್ಯಿಸಿದ್ದೆ. ಉಳಿದದ್ದು ಒಂದೇ ದಾರಿ.

ಮನೆಗೆ ಫೋನು ಹಚ್ಚಿದೆ. ನೆಗೆಣ್ಣಿಯದು ಗುಂಡಿಯ ಫೋನು, ಫೋಟೋ ಕಳಿಸುವಂಥದ್ದಲ್ಲ.

‘ಶೇಂಗಾದ ಲೇಬಲ್ಲಿನ ಚೂರು ಎಲ್ಲಿ ಹಾಕೀಯವಾ?’

‘ಚೀಲದಾಗ ಹಾಕಿದ್ನಿರಿ.’ ದನಿ ತಗ್ಗಿಸಿ, ‘ದಿನಾ ನೀರೊಲಿಗೆ ಅದನ್ನ ಉರಸಾಕತ್ತೇನಿ’ ಎಂದಳು.

ನಮ್ಮ ಮನೆಯಲ್ಲಿ ಕಾಗದದ ಚೂರೆಲ್ಲ ಒಂದು ಗೋಣಿಚೀಲಕ್ಕೆ ಹೋಗುತ್ತದೆ. ಬಚ್ಚಲ ಒಲೆ ಹೊತ್ತಿಸಲಿಕ್ಕೆ ಅದೇ. ಆರು ದಿನ ಆರು ಸಲ ಒಲೆ ಹೊತ್ತಿತ್ತು. ಅವಳು ಫೋನನ್ನು ನೆಲಕ್ಕಿಟ್ಟು ಚೀಲ ಬೋರಲು ಹಾಕಿದ ಸಪ್ಪಳ ಕೇಳಿಸಿತು. ಡಾಕ್ಟರು ಕೇಳಲೆಂದು ನಾನು ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟೆ. ಕಾಗದ ಕೆದಕುವ ಸಪ್ಪಳವೊಂದೇ. ಅತ್ತ ಮಂಚದ ಮೇಲೆ ಆಯಿ ನರಳುತ್ತ, ‘ನನ್ನ ಅರಿಷ್ಟ ಕೊಡವಾ, ಹೊಟ್ಟಿ ತಿರುವಾಕತ್ತೇತಿ’ ಎಂದು ಸೊಸೆಯನ್ನು ಕೇಳುತ್ತಿದ್ದಳು.

‘ಸಿಕ್ತ್ರಿ ಅಕ್ಕಾರ! ಕೆಂಪು ಗೆರಿ ಐತಿ. ಒಂದು ಪಟ್ಟಿ ಉಳದೇತಿ.’

‘ಓದು.’

‘ಅಕ್ಷರ ಭಾಳ ಸಣ್ಣ ಅದಾವ್ರಿ.’

‘ಬೆಳಕಿಗೆ ಹೋಗು. ಒಂದೊಂದ ಓದು.’

ಅವಳು ಅಂಗಳಕ್ಕೆ ಹೋದಳೆಂದು ಕಾಣುತ್ತದೆ, ಕಾಗೆಯ ಕೂಗು ಕೇಳಿಸಿತು. ಓದತೊಡಗಿದಳು. ‘ಔ… ಷ… ಧ. ಔಷಧ. ಹ… ಚ್ಚಿ… ದ.’ ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದಳು. ನನಗೆ ಫೋನಿನೊಳಗೆ ಕೈ ಹಾಕಿ ಆ ಪಟ್ಟಿ ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು. ‘ಅದೆಲ್ಲ ಬ್ಯಾಡ, ಮುಂದ, ಕಂಸದಾಗ ಏನೈತಿ ನೋಡು’ ಎಂದು ಕೂಗಿದೆ.

‘ಥ… ಥಕ್ಕ ಐತ್ವ, ಥೈ. ರ… ರಕ್ಕ ಇಳಿ, ರಾ. ಮ, ಅರ್ಧ ಮ. ಥೈ-ರಾ-ಮ್. ಥೈರಾಮ್ ಅಂತ ಐತ್ರಿ.’

ಡಾಕ್ಟರ ತಲೆ ಒಮ್ಮೆಲೇ ಎದ್ದಿತು. ಅವರು ನನ್ನ ಕಡೆ ನೋಡಲಿಲ್ಲ, ಮಂಚದ ಕಡೆ ನೋಡಿದರು. ಸೊಸೆ ಮುಚ್ಚಳದ ತುಂಬ ಅರಿಷ್ಟ ಸುರಿದಿದ್ದಳು, ಆಯಿ ಅದನ್ನು ತುಟಿಗೆ ಒಯ್ಯುತ್ತಿದ್ದಳು. ಡಾಕ್ಟರು ಎರಡು ಹೆಜ್ಜೆಯಲ್ಲಿ ಹೋಗಿ ಅದನ್ನು ಕಸಿದುಕೊಂಡರು. ಅರ್ಧ ಆಯಿಯ ಸೀರೆಯ ಮೇಲೆ ಚೆಲ್ಲಿತು.

‘ಆಯಿ, ಇದನ್ನ ಮುಂಜಾನಿಂದ ಕುಡದೀರೇನು?’

‘ಎಲ್ಲೀದು, ಈಗ ಕೊಡಾಕತ್ತಿದ್ಲು, ನೀವು ಕಸಗೊಂಡ್ರಿ.’

‘ಸೆರೆ ಗಿರೆ ಕುಡಿಯೂ ರೂಢಿ ಐತೇನು?’

‘ಏ, ಮಾರಿ ನೋಡಿ ಮಾತಾಡಪಾ!’ ಎಂದು ಆಯಿ ಹೊಟ್ಟೆನೋವು ಮರೆತು ಎದ್ದು ಕೂತಳು. ಸೊಸೆ ನಗು ತಡೆಯಲಿಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಈ ಔಷಧ ಹೊಟ್ಟೆಯಲ್ಲಿದ್ದಾಗ ಸೆರೆಯ, ಅಂದರೆ ಮದ್ಯದ, ಅಂಶವಿರುವ ಏನೂ ಒಳಗೆ ಹೋಗಬಾರದು. ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ, ಈ ವಯಸ್ಸಿನವರಿಗೆ ಅದು ಜೀವಕ್ಕೇ ಅಪಾಯ. ಅರಿಷ್ಟದಲ್ಲಿ ಅದು ಇದ್ದೇ ಇರುತ್ತದೆ. ತಿಂದ ಬೀಜದಿಂದ ಬಂದದ್ದು ವಾಂತಿ, ಸಂಕಟ, ಅಷ್ಟು ಮಾತ್ರ, ಸಂಜೆಯ ತನಕ ಇಟ್ಟುಕೊಂಡು ನೋಡುತ್ತೇನೆ ಎಂದರು. ಆಮೇಲೆ ಸೊಸೆಗೆ ಹೂರಣವನ್ನು ದನಕ್ಕೂ ಹಾಕಬೇಡ, ತಗ್ಗು ತೋಡಿ ಮುಚ್ಚು ಎಂದು ಹೇಳಿದರು. ನಾನು ಗೋಡೆಗೆ ಒರಗಿ ನಿಂತೆ. ಎರಡು ಮುಚ್ಚಳ ಅರಿಷ್ಟ. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ಅದು ಒಳಗೆ ಹೋಗಿರುತ್ತಿತ್ತು.

ಅಷ್ಟರಲ್ಲಿ ಆಯಿಯ ಮಗ ಹೊಲದಿಂದ ಬಂದ. ಕಾಲಿನ ಕೆಸರು ಇನ್ನೂ ಹಸಿಯಿತ್ತು. ತಾಯಿಯ ಕೈ ಹಿಡಿದು, ಅವಳು ಮಾತಾಡುವುದನ್ನು ನೋಡಿ, ಸ್ವಲ್ಪ ಸುಧಾರಿಸಿಕೊಂಡು, ನನ್ನ ಎದುರಿಗೆ ಬಂದು ನಿಂತ. ದನಿ ಎತ್ತಲಿಲ್ಲ. ಅದರಿಂದಲೇ ನನಗೆ ಹೆಚ್ಚು ಅಂಜಿಕೆಯಾಯಿತು.

‘ಯಾರ್ರಿ ಅದನ್ನ ಕೊಯ್ದವರು?’

ಹನ್ನೊಂದು ವರ್ಷದ ಕೈಕೆಲಸ, ನನ್ನ ಮೂಲೆಗಳು, ನನ್ನ ಹೆಸರು, ಎಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಉತ್ತರ ಕೊಡಲಿಕ್ಕೆ ನಾನು ಯೋಚಿಸಲೇ ಇಲ್ಲ.

‘ನಮ್ಮ ನೆಗೆಣ್ಣಿ ಕೊಯ್ದಾಳ್ರಿ’ ಎಂದೆ. ಅವನು ಇನ್ನೂ ನೋಡುತ್ತ ನಿಂತಿದ್ದ. ಸಾಲದೇನೋ ಅನ್ನಿಸಿತು. ‘ಆಕೀಗೆ ಓದಾಕ ಬರಂಗಿಲ್ರಿ.’

ಹೇಳಿ ಮುಗಿಸಿ ಟೇಬಲ್ಲಿನ ಕಡೆ ನೋಡಿದೆ. ಫೋನಿನ ದೀಪ ಹೊತ್ತಿಯೇ ಇತ್ತು. ಕರೆ ಇನ್ನೂ ನಡೆದಿತ್ತು, ಸೆಕೆಂಡುಗಳು ಓಡುತ್ತಿದ್ದವು. ಸ್ಪೀಕರಿನಿಂದ ನಮ್ಮ ಅಂಗಳದ ಕಾಗೆ ಒಮ್ಮೆ ಕೂಗಿತು. ಆಮೇಲೆ ಅತ್ತ ಕಡೆಯಿಂದ ಫೋನು ಕಟ್ಟಾಯಿತು.

ಸಂಜೆ ಆರಕ್ಕೆ ಆಯಿಯನ್ನು ಮನೆಗೆ ಕಳಿಸಿದರು. ಹೋಗುವಾಗ ಅವಳು ನನ್ನ ಗದ್ದ ಹಿಡಿದು, ‘ಆ ಹೆಸರು ಓದಿ ಹೇಳಿದ ಹುಡಿಗಿಗೆ ನನ್ನ ಹೆಸರಲೆ ಒಂದು ಹೋಳಿಗಿ ಮಾಡಿ ಹಾಕವಾ’ ಎಂದಳು. ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಅಳು ಬಂತು, ಅದು ಆಯಿಗಾಗಿ ಅಲ್ಲ.

ಮನೆಗೆ ಬಂದಾಗ ಪಡಸಾಲೆ ಗುಡಿಸಿ ಒಪ್ಪವಾಗಿತ್ತು, ಚೀಲ ಮತ್ತೆ ತುಂಬಿ ಮೂಲೆಗೆ ನಿಂತಿತ್ತು. ಆ ಕೆಂಪು ಗೆರೆಯ ಪಟ್ಟಿಯನ್ನು ಹಲಗೆಯ ಮೇಲೆ ಉಕ್ಕಿನ ಪಟ್ಟಿಯ ಕೆಳಗೆ ಇಟ್ಟಿದ್ದಳು. ನೆಗೆಣ್ಣಿ ಕೈಕಾಲಿಗೆ ನೀರು ಕೊಟ್ಟಳು, ಗಂಗಾಳ ಇಟ್ಟಳು, ಬಿಸಿ ರೊಟ್ಟಿ ಬಡಿಯಲಿಕ್ಕೆ ಕೂತಳು. ಆಯಿ ಹೇಗಿದ್ದಾಳೆಂದು ಕೇಳಿದಳು. ಆರಾಮಾಗಿದ್ದಾಳೆ ಎಂದೆ. ಒಳ್ಳೆಯದಾಯಿತು ಎಂದಳು. ನಾನು ರೊಟ್ಟಿ ಮುರಿಯುತ್ತ, ‘ನೀ ಓದಿ ಹೇಳಿದ್ದಕ್ಕ ಉಳದ್ಲು’ ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

‘ನನಗ ಓದಾಕ ಬರತೈತ್ರಿ ಅಕ್ಕಾರ’ ಎಂದಳು. ‘ಸಾವಕಾಶ ಬರತೈತಿ.’

ಅದರಲ್ಲಿ ಸಿಟ್ಟಿರಲಿಲ್ಲ. ತಿದ್ದಿ ಹೇಳಿದ ಹಾಗೆ ಇತ್ತು, ಅಷ್ಟೇ. ನಾನು ಗಂಗಾಳ ನೋಡುತ್ತ ಕೂತೆ. ಅವಳು ಇನ್ನೊಂದು ರೊಟ್ಟಿ ತಂದು ನನ್ನ ಮುಂದಿಟ್ಟಳು. ನಾನು ಬೇಡವೆನ್ನಲಿಲ್ಲ.